ಗಾಳಿ ನಿಂತಾಗ ಇಳಿಯುವ ಕೈ

ಮನೆಗೆ ಬೀಗ ಹಾಕಿದ ಮೇಲೆ ನಾನು ಅದನ್ನು ಮೂರು ಸಲ ಜಗ್ಗುತ್ತೇನೆ. ಮೊದಲನೆಯದು ಬೀಗ ಬಿದ್ದಿದೆಯೋ ಇಲ್ಲವೋ ನೋಡಲಿಕ್ಕೆ. ಎರಡನೆಯದು, ಮೊದಲನೆಯ ಸಲ ಸರಿಯಾಗಿ ಜಗ್ಗಿದೆನೋ ಇಲ್ಲವೋ ಎಂಬ ಅನುಮಾನಕ್ಕೆ. ಮೂರನೆಯದಕ್ಕೆ ಕಾರಣ ಕೇಳಬೇಡಿ, ಅದು ವಂಶದಿಂದ ಬಂದದ್ದು. ನಗಲೂ ಬೇಡಿ. ಗ್ಯಾಸು ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ಓಡಿ ಬಂದವರು ನಿಮ್ಮಲ್ಲೂ ಇದ್ದೀರಿ, ನನಗೆ ಗೊತ್ತು.

ಮೊನ್ನೆ ಹೀಗೆ ಜಗ್ಗುವಾಗ ಬಲ ಮೊಣಕೈ ಚುಳ್ ಎಂದಿತು. ಅಲ್ಲೊಂದು ಗಾಯದ ಕಲೆಯಿದೆ, ಎಂಟಾಣೆ ನಾಣ್ಯದಷ್ಟು ಅಗಲ. ಬಸವಕಲ್ಯಾಣದ ಬಟ್ಟೆ ವ್ಯಾಪಾರಿಯೊಬ್ಬನಿಗೆ, ಅದೂ ಐವತ್ತೈದು ದಾಟಿದವನಿಗೆ, ಮೊಣಕೈ ತರಚುವ ಪ್ರಸಂಗ ಹೇಗೆ ಬಂತು ಎಂದು ಯಾರಾದರೂ ಕೇಳಿದರೆ "ಬಚ್ಚಲದಾಗ ಜಾರಿದೆ" ಎನ್ನುತ್ತೇನೆ. ಎಲ್ಲರೂ ನಂಬುತ್ತಾರೆ. ಹಾಗೆ ಸಲೀಸಾಗಿ ನಂಬುವವರನ್ನು ಕಂಡರೆ ನನಗೆ ಮರುಕ ಬರುತ್ತದೆ.

ಬಟ್ಟೆ ವ್ಯಾಪಾರಕ್ಕೆ ಸಂಶಯವೇ ಬಂಡವಾಳ. ಅಪ್ಪಟ ಹತ್ತಿ ಎಂದು ಯಾರೇ ಆಣೆ ಮಾಡಲಿ, ಅಂಚಿನಿಂದ ಒಂದೆಳೆ ಕಿತ್ತು, ಕಡ್ಡಿ ಗೀರಿ, ಸುಟ್ಟು, ಮೂಸಿ ನೋಡುತ್ತೇನೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ, ತುದಿ ಉಂಡೆಗಟ್ಟಿದರೆ ಮೋಸ. "ಖಾತ್ರಿ ಏನು?" ಎನ್ನುವುದು ನನ್ನ ಬಾಯಿಗೆ ಎಷ್ಟು ಹತ್ತಿಹೋಗಿದೆಯೆಂದರೆ ಪೇಟೆಯಲ್ಲಿ ನಾನು ಖಾತ್ರಿ ಕಾಕಾ. ಬೆನ್ನ ಹಿಂದೆ ಹಾಗೆ ಕರೆದರೆ ನನಗೆ ತಿಳಿಯದೆಂದು ಅವರ ಎಣಿಕೆ. ನಾನು ಹಿಂದೆಯೂ ನೋಡುತ್ತಲೇ ಇರುತ್ತೇನೆಂಬುದು ಅವರಿಗೆ ತಿಳಿಯದು.

ಇದೆಲ್ಲ ನನ್ನ ತಂದೆಯವರ ಆಸ್ತಿ. ಮನ್ನಾಏಖೇಳ್ಳಿಯ ಹೊರಗೆ ನಮ್ಮ ಹೊಲ, ಹೊಲದ ನಡುವೆ ಕಣ. ಜೋಳದ ರಾಶಿ ಆದ ದಿನ ತಂದೆ ಒಂದು ಹಿಡಿ ಬೂದಿ ತಂದು ರಾಶಿಯ ಮೈಮೇಲೆ ಗೆರೆ ಎಳೆಯುತ್ತಿದ್ದರು. ಅಡ್ಡ ಮೂರು, ಉದ್ದ ಮೂರು. ಯಾರಾದರೂ ಒಂದು ಬೊಗಸೆ ಜೋಳ ಎತ್ತಿದರೂ ಕಾಳು ಜಾರಿ ಗೆರೆ ಮುರಿಯುತ್ತದೆ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಅವರು ಆ ಗೆರೆ ನೋಡುತ್ತಿದ್ದರು. ಒಮ್ಮೆ ಒಂದು ಗೆರೆ ಮುರಿದಿತ್ತು. ಕಣದಲ್ಲಿದ್ದವರನ್ನೆಲ್ಲ ಸಾಲಾಗಿ ನಿಲ್ಲಿಸಿ, ನನ್ನನ್ನೂ ಸೇರಿಸಿ, ವಿಚಾರಣೆ ನಡೆಯಿತು. ಮಧ್ಯಾಹ್ನದ ಹೊತ್ತಿಗೆ ಕಳ್ಳ ಸಿಕ್ಕಿದ. ಅದೊಂದು ಅಳಿಲು. ತಂದೆ ಯಾರ ಕ್ಷಮೆಯನ್ನೂ ಕೇಳಲಿಲ್ಲ. ಅಳಿಲಿಗೂ ಯಾರಾದರೂ ಹೇಳಿಕೊಟ್ಟಿರಬೇಕು ಎಂಬುದು ಕೊನೆಯವರೆಗೂ ಅವರ ನಂಬಿಕೆ.

ಬೂದಿಯ ಗೆರೆ ನನ್ನ ಕೈಗೆ ಬಂದಾಗ ರಾಶಿಗಳು ಹೋಗಿದ್ದವು, ಸಕ್ಕರೆ ಡಬ್ಬಿ ಉಳಿದಿತ್ತು. ಮದುವೆಯಾದ ಹೊಸದರಲ್ಲಿ ನಾನು ಡಬ್ಬಿಯ ಸಕ್ಕರೆಯ ಮೇಲೆ ಚಮಚದ ಹಿಡಿಕೆಯಿಂದ ಒಂದು ಸಣ್ಣ ಗೆರೆ ಎಳೆದು ಅಂಗಡಿಗೆ ಹೋಗುತ್ತಿದ್ದೆ. ಯಾರ ಮೇಲೆ ಸಂಶಯ ಎಂದು ಕೇಳಬೇಡಿ. ಮನೆಯಲ್ಲಿ ಇದ್ದವರು ನಾವಿಬ್ಬರೇ. ಸಂಜೆ ನೋಡಿದರೆ ಗೆರೆ ಇದ್ದ ಹಾಗೇ ಇರುತ್ತಿತ್ತು, ನನಗೆ ಸಮಾಧಾನ. ಇಪ್ಪತ್ತು ವರ್ಷಗಳ ಮೇಲೆ ಒಂದು ದಿನ ನನ್ನ ಹೆಂಡತಿ ಶಶಿಕಲಾ, ಹೀರೇಕಾಯಿ ಹೆಚ್ಚುತ್ತ, ತಲೆ ಎತ್ತದೆ ಹೇಳಿದಳು:

"ಸಕ್ರಿ ತಿಂದು ಗೆರಿ ನಾನ ಎಳೀತಿದ್ದೆ ಬಿಡ್ರಿ. ನಿಮ್ಮ ಗೆರಿಕಿಂತ ಸೀದಾ ಬರ್ತಿತ್ತು."

ಇಂಥ ಹೆಂಡತಿ ಕಳೆದ ಮೇ ತಿಂಗಳಲ್ಲಿ ಪ್ರತಿ ಭಾನುವಾರ ಮಾಣಿಕನಗರಕ್ಕೆ ದರ್ಶನಕ್ಕೆ ಹೋಗತೊಡಗಿದಳು. ಹುಮನಾಬಾದಿಗೆ ಬಸ್ಸು, ಅಲ್ಲಿಂದ ಆಟೊ, ಪ್ರಭುಗಳ ದರ್ಶನ, ಹಾಗೇ ಅಲ್ಲಿರುವ ತನ್ನ ಅಕ್ಕನ ಮಗಳು ಅಶ್ವಿನಿಯ ಮನೆ, ಸಂಜೆ ವಾಪಸು. ಭಕ್ತಿ ಒಳ್ಳೆಯದೇ. ಪ್ರಸಾದವೂ ಬರುತ್ತಿತ್ತು. ಆದರೆ ಮೂರನೆಯ ಭಾನುವಾರ ಅವಳು ಬೂಟು ಹಾಕಿಕೊಂಡು ಹೊರಟಳು. ದೇವರ ದರ್ಶನಕ್ಕೆ ಬೂಟು ಹಾಕಿಕೊಂಡು ಹೋಗುವವರನ್ನು ನಾನು ಕಂಡಿರಲಿಲ್ಲ. ಮರುವಾರ ಮೊಣಕಾಲಿನ ಹತ್ತಿರ ಸಲ್ವಾರಿಗೆ ಕೆಂಪು ಮುರುಮಿನ ಮಣ್ಣು ಮೆತ್ತಿತ್ತು. ಅದರ ಮರುವಾರ ಅಂಗೈಯಲ್ಲಿ ಗುಳ್ಳೆ. ಘಂಟೆ ಬಾರಿಸಿದರೆ ಗುಳ್ಳೆ ಬರುತ್ತದೆಯೇ? ನಾನು ಏನೂ ಕೇಳಲಿಲ್ಲ. ಕೇಳಿದರೆ ಎದುರಿನವರು ಎಚ್ಚರವಾಗುತ್ತಾರೆ, ಇದು ತಂದೆಯವರ ಪಾಠ.

ಮುಂದಿನ ಭಾನುವಾರ ಅವಳು ಮುಂದೆ ಹತ್ತಿದ ಬಸ್ಸಿಗೆ ಹಿಂದಿನ ಬಾಗಿಲಿನಿಂದ ನಾನೂ ಹತ್ತಿದೆ. ಹುಮನಾಬಾದಿನಲ್ಲಿ ಆಟೊದವನಿಗೆ, "ಆ ಮುಂದಿನ ಆಟೊ ಹಿಂದ ಹೋಗಪಾ" ಎಂದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಯಾಕ್ರಿ? ಅಕಿ ಯಾರ‍್ರಿ ನಿಮಗ?"

"ನನ್ನ ಹೇಣ್ತಿ."

"ಖರೇನ?" ಎಂದ. ಆ ಪ್ರಶ್ನೆ ಎದೆಗೆ ನಾಟಿತು. ನನ್ನನ್ನೇ ಸಂಶಯ ಪಡುತ್ತಿದ್ದಾನಲ್ಲ!

ಅವಳು ದರ್ಶನ ಮಾಡಿದ್ದು ನಿಜ. ಸುಳ್ಳು ಹೇಳಿರಲಿಲ್ಲ. ಆಮೇಲೆ ಆಟೊ ಊರ ಹೊರಗಿನ ಒಂದು ಲೇಔಟಿಗೆ ಹೋಯಿತು. ಎಂದೋ ಪ್ಲಾಟು ಮಾಡಿ, ಕಲ್ಲು ನೆಟ್ಟು, ದೊಡ್ಡ ಕಮಾನು ಕಟ್ಟಿ, ಒಂದು ಮನೆಯೂ ಏಳದೆ ಬಿದ್ದ ಜಾಗ. ನಡುವೆ ಪಾರ್ಕಿಗೆಂದು ಬಿಟ್ಟ ಮುರುಮಿನ ಬಯಲು, ರೊಟ್ಟಿ ಬಡಿದಷ್ಟು ಸಪಾಟು. ನಾನು ಕಮಾನಿನ ಕಂಬದ ಹಿಂದೆ ನಿಂತು ಇಣುಕಿದೆ.

ಬಯಲಿನಲ್ಲಿ ನನ್ನ ಹೆಂಡತಿ ತಲೆಗೆ ಹೆಲ್ಮೆಟ್ ಹಾಕಿಕೊಂಡು, ನಾಲ್ಕು ದಪ್ಪ ಗಾಲಿಯ ಹಲಗೆಯ ಮೇಲೆ ನಿಂತಿದ್ದಳು. ಎರಡೂ ಕೈಯಲ್ಲಿ ಒಂದು ಗುಲಾಬಿ ಬಣ್ಣದ ರೆಕ್ಕೆ, ಆಳೆತ್ತರ, ಎರಡಾಳಗಲ. ಗಾಳಿ ತುಂಬಿದ ಅದರ ಮುಂದಿನ ಕೊಳವೆ ಕುಂಬಳದಂತೆ ಉಬ್ಬಿತ್ತು. ಅವಳು ಅದನ್ನು ಸ್ವಲ್ಪ ಓರೆ ಮಾಡಿದಳು. ಹಲಗೆ ಹೊರಟಿತು. ಇಂಜಿನ್ ಇಲ್ಲ, ತಳ್ಳುವವರಿಲ್ಲ. ಆಷಾಢದ ಪಡುವಣ ಗಾಳಿ ನನ್ನ ಹೆಂಡತಿಯನ್ನು ಬಯಲ ಉದ್ದಕ್ಕೂ ಸರ್ರನೆ ಒಯ್ದಿತು. ಆ ತುದಿಯಲ್ಲಿ ಅವಳು ಹಲಗೆಯನ್ನು ಗಾಳಿಯ ಕಡೆ ತಿರುಗಿಸಿ, ರೆಕ್ಕೆಯನ್ನು ತಲೆಯ ಮೇಲೆ ಹಾಯಿಸಿ, ಮುಖವನ್ನು ಇತ್ತ ಮಾಡಿ, ಹೊರಳಿ ಬಂದಳು. ಬರುತ್ತ ಬರುತ್ತ ನಗುತ್ತಿದ್ದಳು. ಅಂಥ ನಗು ನಮ್ಮ ಮನೆಯಲ್ಲಿ ನಾನು ನೋಡಿರಲಿಲ್ಲ. ಸತ್ಯ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು. ಗಾಳಿಯ ಮೇಲೆ.

ನಗು ಕಮಾನಿನ ಹತ್ತಿರ ಬಂದು ನಿಂತುಹೋಯಿತು.

"ಕಂಬದ ಹಿಂದ ಯಾಕ ನಿಂತೀರಿ? ಹೊಟ್ಟಿ ಕಾಣಾಕತ್ತೇತಿ. ಬರ‍್ರಿ ಮುಂದ."

ಮುಂದೆ ಹೋದೆ. ಅಶ್ವಿನಿಯೂ ಅಲ್ಲೇ ಇದ್ದಳು, ರೆಕ್ಕೆ ಅವಳದೇ. ಅವಳು ಅಲ್ಲೊಂದು ಶಾಲೆಯಲ್ಲಿ ಆಟದ ಮೇಡಂ. ಸಮುದ್ರದ ಕಡೆ ಎಲ್ಲೋ ತರಬೇತಿಗೆ ಹೋದವಳು ನೀರಿನ ಮೇಲೆ ಇದನ್ನು ಕಲಿತು, ನಮ್ಮಲ್ಲಿ ಸಮುದ್ರವಿಲ್ಲವೆಂದು ಗಾಲಿಯ ಹಲಗೆ ತರಿಸಿಕೊಂಡಿದ್ದಳು. ನಾನು ಮೊದಲು ಮಾಡಿದ ಕೆಲಸ ರೆಕ್ಕೆಯ ಬಟ್ಟೆಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದ್ದು. ಪಾಲಿಯೆಸ್ಟರ್. ಎಳೆ ಕೀಳಲು ಅಶ್ವಿನಿ ಬಿಡಲಿಲ್ಲ.

"ನನಗ ಹೇಳಬಾರದೇನು?" ಎಂದು ಹೆಂಡತಿಯನ್ನು ಕೇಳಿದೆ. ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಯಿತು.

"ಕೇಳಿದ್ರ ಹೇಳ್ತಿದ್ದೆ. ನೀವು ಕೇಳಂಗಿಲ್ಲ. ಹುಡುಕ್ತೀರಿ."

ಅಷ್ಟೇ. ಜಗಳವಾಗಲಿಲ್ಲ. ಜಗಳವಾದರೆ ಚೆನ್ನಾಗಿರುತ್ತಿತ್ತು. ಅವಳು ಮಾತು ಬಿಡಲೂ ಇಲ್ಲ, ಆದರೆ ಹೇಳುವುದನ್ನು ಬಿಟ್ಟಳು. ಈ ವ್ಯತ್ಯಾಸ ಮದುವೆಯಾದವರಿಗೆ ತಿಳಿಯುತ್ತದೆ. ಮಧ್ಯಾಹ್ನ ಒಂದಕ್ಕೆ ನಾನು ಊಟಕ್ಕೆ ಬಂದರೆ, ಬೆಳಗಿನ ಹಾಲಿನವನಿಂದ ಹಿಡಿದು ಎದುರು ಮನೆಯ ಸೊಸೆ ಒಣಹಾಕಿದ ಶಾವಿಗೆಯವರೆಗೆ ಇಡೀ ಓಣಿ ತಾಟಿನ ಪಕ್ಕದಲ್ಲಿ ಬಡಿಸಿಟ್ಟಿರುತ್ತಿತ್ತು. ನಾನು ಊಟದ ನಡುವೆ "ಯಾರು ಹೇಳಿದ್ರು? ಯಾವಾಗ? ನೀ ನೋಡಿದ್ಯಾ?" ಎಂದು ಕೇಳುತ್ತಿದ್ದೆ. ಈಗ ತಾಟಿನಲ್ಲಿ ರೊಟ್ಟಿ, ಪಲ್ಯ, ಮೊಸರು. "ಇವತ್ತೇನು ಸುದ್ದಿ?" ಎಂದರೆ "ಏನಿಲ್ಲರಿ." "ಓಣ್ಯಾಗ?" "ಅದಾರ, ಎಲ್ಲಾರೂ." ಇಪ್ಪತ್ತಾರು ವರ್ಷ ಕೇಳಿದ ಆಕಾಶವಾಣಿ ಬಂದ್ ಆಯಿತು. ಅವಳ ಮಾತು ನನಗೆ ಇಷ್ಟು ಬೇಕೆಂದು ನನಗೇ ಗೊತ್ತಿರಲಿಲ್ಲ.

ನಾನೂ ರೆಕ್ಕೆ ಕಲಿಯುತ್ತೇನೆ ಎಂದು ಘೋಷಿಸಿದ್ದು ಆಗ. ಜೊತೆಗಿದ್ದರೆ ಮಾತು ತಾನಾಗಿ ಬಂದೀತು ಎಂಬುದು ಒಂದು ಲೆಕ್ಕ. ಜೊತೆಗಿದ್ದರೆ ಕಣ್ಣೂ ಇಟ್ಟಂತಾಯಿತು ಎಂಬುದು ಇನ್ನೊಂದು. ಅಶ್ವಿನಿ ಹೆಲ್ಮೆಟ್ ಕಟ್ಟುತ್ತ ನನ್ನ ಗದ್ದ ಎತ್ತಿ ಕೇಳಿದಳು:

"ಕಾಕಾ, ನೀವು ಕಲಿಯಾಕ ಬಂದೀರೋ, ಕಾಯಾಕ ಬಂದೀರೋ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಮ್ಮದು. ನಾನು ಸುಮ್ಮನೆ ಹೆಲ್ಮೆಟ್ಟಿನ ಪಟ್ಟಿ ಮೂರು ಸಲ ಜಗ್ಗಿದೆ.

ಕಲಿಕೆಯ ಬಗ್ಗೆ ಹೇಳಬೇಕಾದ್ದು ಇಷ್ಟು. ಗಾಳಿ ಹೋಗುವ ಕಡೆಗೆ ಹೋಗುವುದಕ್ಕೆ ವಿದ್ಯೆ ಬೇಕಿಲ್ಲ, ಹೊಟ್ಟೂ ಹೋಗುತ್ತದೆ. ತೊಂದರೆ ವಾಪಸು ಬರುವುದರಲ್ಲಿ. ಗಾಳಿಗೆ ಮುಖಾಮುಖಿ ಹೊರಟರೆ ಹಲಗೆ ನಿಂತಲ್ಲೇ ನಿಲ್ಲುತ್ತದೆ. ಅದಕ್ಕೇ ಓರೆಯಾಗಿ ಹೋಗಬೇಕು. ಸ್ವಲ್ಪ ದೂರ ಎಡಕ್ಕೆ ಓರೆ, ಆಮೇಲೆ ಗಾಳಿಯ ಮುಖದಲ್ಲೇ ಹೊರಳಿ ಬಲಕ್ಕೆ ಓರೆ, ಮತ್ತೆ ಹೊರಳಿ ಎಡಕ್ಕೆ. ಹೀಗೆ ಹಾವಿನ ಹಾಗೆ ಗಾಳಿಯ ಎದುರಿಗೇ ಏರಿ ಬರಬಹುದು. ಆ ಹೊರಳುವಿಕೆಗೆ ಅಶ್ವಿನಿ ಟ್ಯಾಕ್ ಎನ್ನುತ್ತಾಳೆ. ಅದು ಬಾರದವನು ಆ ತುದಿಯಿಂದ ಈ ತುದಿಗೆ ರೆಕ್ಕೆ ಹೊತ್ತುಕೊಂಡು, ಹಲಗೆ ಕಂಕುಳಲ್ಲಿ ಇಟ್ಟುಕೊಂಡು, ನಡೆದು ಬರಬೇಕು. ಜುಲೈ ಇಡೀ ನಾನು ನಡೆದೆ.

ನಡೆಯುವಾಗ ದಾರಿಹೋಕರು ನಿಲ್ಲಿಸುತ್ತಿದ್ದರು. ರೆಕ್ಕೆ ನೋಡಿ ಅವರಿಗೆ ಬರುವ ಮೊದಲ ಭಾವ ಆಶ್ಚರ್ಯವಲ್ಲ, ಅನುಮಾನ. ನಮ್ಮ ಸೀಮೆಯ ಜನರ ಬಗ್ಗೆ ನನಗೆ ಹೆಮ್ಮೆಯಿರುವುದು ಇದಕ್ಕೇ. "ಫ್ಯಾನಿನ ಕಂಪನಿಯವ್ರೇನ್ರಿ? ಗಾಳಿ ಅಳಿಯಾಕತ್ತೀರೇನು?" ಎಂದು ಒಬ್ಬ. ಗುಡ್ಡದ ಮೇಲೆ ವಿದ್ಯುತ್ತಿಗೆ ನಿಲ್ಲಿಸುವ ದೊಡ್ಡ ಗಾಳಿಗಂಬಗಳಿಗೆ ನಮ್ಮಲ್ಲಿ ಫ್ಯಾನು ಎನ್ನುತ್ತಾರೆ. "ಹೊಲ ಹೋಗತಾವೇನ್ರಿ ಮತ್ತ?" ಎಂದು ಇನ್ನೊಬ್ಬ. ಇಲ್ಲಪ್ಪಾ, ಇದು ಬರೀ ಆಟ ಎಂದರೆ ಯಾರೂ ನಂಬಲಿಲ್ಲ. ಬಟ್ಟೆ ಅಂಗಡಿಯ ಸಾಹುಕಾರ ಕಾರಣವಿಲ್ಲದೆ ಬಿಸಿಲಲ್ಲಿ ಬೀಳುತ್ತಾನೆಯೇ? ನಾನಾಗಿದ್ದರೂ ನಂಬುತ್ತಿರಲಿಲ್ಲ.

ಒಬ್ಬ ಬೀರಪ್ಪ ಮಾತ್ರ ಏನೂ ಕೇಳಲಿಲ್ಲ. ಲೇಔಟಿನಲ್ಲಿ ಕುರಿ ಮೇಯಿಸುತ್ತಿದ್ದ, ನನ್ನದೇ ವಯಸ್ಸಿನವನು. ಪ್ಲಾಟಿನ ಕಲ್ಲಿನ ಮೇಲೆ ಕೂತು ನಾಲ್ಕು ಭಾನುವಾರ ನನ್ನ ಬೀಳುವಿಕೆ ನೋಡಿದ. ಕೇಳದೇ ಇರುವವರ ಮೇಲೆ ನನಗೆ ಹೆಚ್ಚು ಶಕ್. ಕೊನೆಗೆ ನಾನೇ ಹೋಗಿ, "ಏನು ನೋಡಾಕತ್ತೀಯೋ?" ಎಂದೆ.

"ಏನಿಲ್ರಿ. ಮಳ್ಯಾಗ ಕುರಿ ಗಾಳಿಗೆ ಎದುರ ಹೋಗಂಗಿಲ್ಲ. ನಾವೂ ಹಿಂಗ ಓರಿ ಮಾಡಿ, ಹೊಳ್ಳಿಸಿ ಹೊಳ್ಳಿಸಿ ಹಟ್ಟಿಗಿ ತರ್ತೇವ್ರಿ. ನೀವು ಹೊಳ್ಳಾಗ ಹಿಂದ ಯಾಕ ನೋಡ್ತೀರಿ?"

ಹಿಂದೆ ನೋಡುತ್ತೇನೆಂದು ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಮರುವಾರ, ಮೊಣಕೈಯಿಂದ. ಆ ತುದಿಗೆ ಹೋಗಿ ಹಲಗೆಯನ್ನು ಗಾಳಿಯ ಕಡೆ ತಿರುಗಿಸುವ ಹೊತ್ತಿಗೆ ಕಮಾನಿನ ಹತ್ತಿರ ಒಂದು ಮೋಟರ್‌ಸೈಕಲ್ ನಿಂತಿತು. ಇಳಿದವನು ನನ್ನ ಹೆಂಡತಿಯ ಜೊತೆ ಮಾತಾಡುತ್ತಿದ್ದ. ಅವಳು ಕೈ ಮಾಡಿ ಏನೋ ತೋರಿಸುತ್ತಿದ್ದಳು. ನನ್ನ ಕತ್ತು ಹಿಂದಕ್ಕೆ ಹೊರಳಿತು. ಹಲಗೆ ಕತ್ತು ಹೊರಳಿದ ಕಡೆ ಹೋಗುವ ಪ್ರಾಣಿ. ಎತ್ತು ಏರಿಗೆ, ಕೋಣ ನೀರಿಗೆ. ರೆಕ್ಕೆ ಒಂದು ಕಡೆ, ಹಲಗೆ ಒಂದು ಕಡೆ, ನಾನು ಮುರುಮಿನ ಮೇಲೆ.

ರಕ್ತ ಸುರಿಸುತ್ತ ನಡೆದು ಬಂದಾಗ ಮೋಟರ್‌ಸೈಕಲ್ ಹೋಗಿತ್ತು. ಶಶಿಕಲಾ ನೀರು ಹಾಕಿ ಗಾಯ ತೊಳೆದಳು. ಅರಿಸಿನ ಹಚ್ಚಿದಳು. ಅವಳ ಕೈ ಮೆತ್ತಗಿತ್ತು. ಅಷ್ಟಕ್ಕೆ ಸುಮ್ಮನಿರಬೇಕಿತ್ತು.

"ಯಾರಂವ?" ಎಂದೆ.

ಅವಳು ಅರಿಸಿನದ ಡಬ್ಬಿ ಮುಚ್ಚಿದಳು.

"ಹುಡುಕ್ರಿ."

ಪ್ಲಾಟು ವಿಚಾರಿಸಲು ಬಂದವನು, ಕೈಯಲ್ಲಿ ನಕ್ಷೆಯಿತ್ತು ಎಂದು ಆಮೇಲೆ ಬೀರಪ್ಪ ಹೇಳಿದ. ಆ ವಾರ ಊಟಕ್ಕೆ "ಅದಾರ, ಎಲ್ಲಾರೂ" ಕೂಡ ಸಿಗಲಿಲ್ಲ.

ನಾನು ಹಟ ಹಿಡಿದೆ. ಹಿಂದೆ ನೋಡುವುದನ್ನು ಬಿಟ್ಟೆ, ಅಂದರೆ ಅರ್ಧ ಬಿಟ್ಟೆ. ಆದರೂ ಹೊರಳು ಬರಲಿಲ್ಲ. ಎಲ್ಲ ಸರಿಯಾಗಿ ಹೋಗುತ್ತಿತ್ತು. ಓರೆ, ವೇಗ, ಗಾಳಿಯ ಕಡೆ ತಿರುವು. ರೆಕ್ಕೆಯನ್ನು ಮೇಲೆತ್ತುತ್ತಿದ್ದೆ. ಹಲಗೆಯ ಮುಖ ನೇರ ಗಾಳಿಗೆ ಬಂದ ಗಳಿಗೆಯಲ್ಲಿ ರೆಕ್ಕೆಯೊಳಗಿನ ಎಳೆತ ಸತ್ತುಹೋಗುತ್ತದೆ. ತಲೆಯ ಮೇಲೆ ಅದು ಮೌನವಾಗುತ್ತದೆ. ಒಂದು ಉಸಿರಿನಷ್ಟು ಹೊತ್ತು ನಿಮ್ಮನ್ನು ಯಾರೂ ಹಿಡಿದಿರುವುದಿಲ್ಲ. ಆ ಒಂದು ಉಸಿರು ತಡೆದು, ರೆಕ್ಕೆಯನ್ನು ಮೇಲೆಯೇ ಇಟ್ಟು, ಕೈ ಬದಲಿಸಿದರೆ ಗಾಳಿ ಆಚೆ ಬದಿಯಿಂದ ಬಂದು ಕೈಗೆ ಸಿಗುತ್ತದಂತೆ. ನನಗೆ ಸಿಗಲೇ ಇಲ್ಲ. ಅಷ್ಟರಲ್ಲಿ ನನ್ನ ಎರಡೂ ಕೈ ರೆಕ್ಕೆಯನ್ನು ಮೆಲ್ಲಗೆ ಸೊಂಟದ ತನಕ ಇಳಿಸಿಬಿಡುತ್ತಿದ್ದವು. ಅದರ ತುದಿ ನೆಲಕ್ಕೆ ತಾಗಿ ನಾನು ಅದರ ಮೇಲೆ ಬೀಳುತ್ತಿದ್ದೆ.

"ಕಾಕಾ, ರಟ್ಟ್ಯಾಗ ಜೋರಿಲ್ಲ ನಿಮಗ," ಎಂದಳು ಅಶ್ವಿನಿ. ಎಂಟು ದಿನ ಅಂಗಡಿಯಲ್ಲಿ ಬಟ್ಟೆಯ ಥಾನು ಎತ್ತಿ ಎತ್ತಿ ಇಳಿಸಿದೆ. ಏನೂ ಆಗಲಿಲ್ಲ. ನನ್ನ ಕೈಗಳ ಮೇಲೆಯೇ ನನಗೆ ಸಂಶಯ ಹುಟ್ಟಿತು. ಇವು ಯಾರ ಮಾತು ಕೇಳುತ್ತಿವೆ?

ಹೇಳಿದ್ದು ಶಶಿಕಲಾ. ಆಗಸ್ಟಿನ ಒಂದು ಭಾನುವಾರ, ನಾನು ಆರನೆಯ ಸಲ ಬಿದ್ದು ಮೈ ಕೊಡವುತ್ತಿದ್ದಾಗ ಅವಳು ಬಯಲ ನಡುವೆ ನಡೆದು ಬಂದಳು. ಎಷ್ಟೋ ವಾರಗಳ ಮೇಲೆ ತಾನಾಗಿ ಆಡಿದ ಮಾತು ಅದು.

"ಅದು ಮರ ಅಲ್ರಿ."

"ಯಾವ ಮರ?"

"ರಾಶಿ ತೂರೋ ಮರ. ಗಾಳಿ ನಿಂತಕೂಡ್ಲೇ ಕೆಳಗ ಇಳಸಾಕತ್ತೀರಿ. ಇಳಸಬ್ಯಾಡ್ರಿ. ಕೆಳಗ ಯಾರೂ ನಿಂತಿಲ್ಲ ತಗೊಳ್ಳಾಕ."

ನಾನು ಮುರುಮಿನ ಮೇಲೆ ಕೂತುಬಿಟ್ಟೆ.

ಕಣದಲ್ಲಿ ತೂರುವುದನ್ನು ನೋಡದವರಿಗೆ ಹೇಳುತ್ತೇನೆ. ಮೂರು ಕಾಲಿನ ಎತ್ತರದ ಮಣೆಯ ಮೇಲೆ ಗಂಡಸು ನಿಲ್ಲುತ್ತಾನೆ. ಕೆಳಗಿನಿಂದ ಹೆಂಗಸರು ತುಂಬಿದ ಮರ, ಅಂದರೆ ಮೊರ, ಎತ್ತಿ ಕೊಡುತ್ತಾರೆ. ಅವನು ಅದನ್ನು ತಲೆಯ ಮಟ್ಟಕ್ಕೆ ಹಿಡಿದು ಅಲುಗಿಸುತ್ತಾನೆ. ಕಾಳು ನೇರ ಬೀಳುತ್ತದೆ, ಹೊಟ್ಟು ಗಾಳಿಗೆ ಹಾರಿ ಅತ್ತ ಬೀಳುತ್ತದೆ. ಗಾಳಿ ನಿಂತ ಕ್ಷಣ ತೂರುವುದನ್ನು ನಿಲ್ಲಿಸಬೇಕು, ಇಲ್ಲದಿದ್ದರೆ ಕಾಳೂ ಹೊಟ್ಟೂ ಒಂದಾಗುತ್ತವೆ. ಗಾಳಿ ನಿಂತಿತು ಎಂದು ಬಾಯಿ ಬಿಟ್ಟು ಹೇಳುವಂತಿಲ್ಲ, ಹೇಳಿದರೆ ಅದು ಸಿಟ್ಟಾಗಿ ಆ ದಿನ ಬರುವುದೇ ಇಲ್ಲ. ಆದ್ದರಿಂದ ಮಾತಿಲ್ಲದೆ ಮರವನ್ನು ಸೊಂಟದ ತನಕ ಇಳಿಸುವುದು. ಕೆಳಗಿನವರು ಅದನ್ನು ತೆಗೆದುಕೊಂಡು ತಮ್ಮ ತಲೆಯ ಮೇಲಿಟ್ಟು, ಗಾಳಿ ಬರುವವರೆಗೆ ನಿಲ್ಲುವುದು. ಹನ್ನೆರಡನೆಯ ವಯಸ್ಸಿಗೆ ತಂದೆ ನನ್ನನ್ನು ಮಣೆ ಹತ್ತಿಸಿದ್ದರು. ನಲವತ್ತು ವರ್ಷಗಳ ಹಿಂದಿನ ಕಣ ನನ್ನ ಕೈಯಲ್ಲಿ ಉಳಿದುಬಿಟ್ಟಿತ್ತು. ಸಮುದ್ರದಲ್ಲಿ ಕಲಿತ ಅಶ್ವಿನಿಗೆ ಇದು ಹೇಗೆ ಕಾಣಬೇಕು?

"ನಿನಗ ಹ್ಯಾಂಗ ಗೊತ್ತಾತು?" ಎಂದು ಕೇಳಿದೆ. ಈ ಸಲ ಹುಡುಕಲಿಲ್ಲ, ನಿಜಕ್ಕೂ ಕೇಳಿದೆ.

"ನಿರ್ಣಾದಾಗ, ತವರಮನ್ಯಾಗ, ಲಗ್ನ ಆಗೂತನಕ ನಾ ಕೆಳಗ ನಿಂತೇನಲ್ಲ. ಮ್ಯಾಲ ಅಣ್ಣಗೋಳು. ಹೊಟ್ಟೆಲ್ಲಾ ನಮ್ಮ ಕಣ್ಣಾಗ. ಒಂದ್ ಸಲ ನಾ ಹತ್ತತೇನಿ ಅಂದಿದ್ದಕ್ಕ ನಮ್ಮವ್ವ ಬಾಯಿ ಮ್ಯಾಲ ಹೊಡದಿದ್ಲು. ಹೆಣ್ಣು ಮಣಿ ಹತ್ತಿದ್ರ ಗಾಳಿ ಹೋಗತದಂತ."

ಅವಳು ಗುಲಾಬಿ ರೆಕ್ಕೆಗೆ ಮೆತ್ತಿದ ಮಣ್ಣನ್ನು ಸೆರಗಿನಿಂದಲ್ಲ, ಓಢಣಿಯಿಂದ ಒರೆಸಿದಳು.

"ಎಲ್ಲಿ ಹೋತು? ಬರಾಕತ್ತದಲ್ಲ," ಎಂದಳು.

ಅವಳು ಇಲ್ಲಿಗೆ ಯಾಕೆ ಬರುತ್ತಾಳೆ ಎಂಬುದಕ್ಕೆ ನಾನು ಎರಡು ತಿಂಗಳಲ್ಲಿ ಏಳು ಕಾರಣ ಊಹಿಸಿದ್ದೆ. ಎಲ್ಲವೂ ಹೊಲಸು ಕಾರಣಗಳು, ಇಲ್ಲಿ ಬರೆಯಲಾರೆ. ಈ ಕಾರಣ ಅವುಗಳಲ್ಲಿ ಇರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಸಕ್ಕರೆ ಎಷ್ಟು ಖರ್ಚಾಯಿತೆಂದು ನೋಡಿದ್ದೇನೆಯೇ ಹೊರತು, ಕಣದಲ್ಲಿ ನೀನು ಎಲ್ಲಿ ನಿಲ್ಲುತ್ತಿದ್ದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಯಿತು. ಅವಳು ಕಾಯಲಿಲ್ಲ, ಹೆಲ್ಮೆಟ್ ಹಾಕಿಕೊಂಡು ಹೊರಟಳು.

ಮರುವಾರ ಬಯಲಿನಲ್ಲಿ ನಾನು ರೆಕ್ಕೆಗೆ ಗಾಳಿ ತುಂಬುತ್ತಿದ್ದಾಗ ಅಶ್ವಿನಿ ಸ್ಕೂಟಿ ಚಾಲೂ ಮಾಡಿದಳು. ಶಶಿಕಲಾ ಹಿಂದೆ ಕೂತಳು.

"ಚಹಾ ಕುಡದ್ ಬರ್ತೇವ್ರಿ. ನೀವು ಆಡ್ರಿ."

ಬೆಳಿಗ್ಗೆ ತಾನೇ ಚಹಾ ಆಗಿತ್ತು. ಈಗ ಯಾಕೆ ಮತ್ತೆ? ನನ್ನ ಬಗ್ಗೆ ಆಡಿಕೊಳ್ಳಲಿಕ್ಕೇ? ನನ್ನನ್ನು ಒಬ್ಬನೇ ಬಿಟ್ಟು ಪರೀಕ್ಷೆ ಮಾಡಲಿಕ್ಕೇ? ಕಂಬದ ಹಿಂದೆ ನಿಂತು ನೋಡುತ್ತಾರೆಯೇ? ಕಮಾನಿನ ತನಕ ಹೋಗಿ ಕಂಬದ ಎರಡೂ ಬದಿ ಇಣುಕಿ ಬಂದೆ. ಯಾರೂ ಇರಲಿಲ್ಲ. ಸ್ಕೂಟಿ ಹೆದ್ದಾರಿಯ ಕಡೆ ಚುಕ್ಕೆಯಾಗಿತ್ತು. ಬೀರಪ್ಪ ದೂರದಲ್ಲಿ ಬೆನ್ನು ಹಾಕಿಕೊಂಡು ಕೂತಿದ್ದ.

ಕಾಯುವುದಕ್ಕೆ ಯಾರೂ ಇರಲಿಲ್ಲವಾದ್ದರಿಂದ ಹಲಗೆ ಹತ್ತಿದೆ.

ಬಯಲಿನ ತುದಿಯಲ್ಲಿ ಗಾಳಿಯ ಕಡೆ ತಿರುಗಿದೆ. ರೆಕ್ಕೆ ಮೇಲೆ ಹೋಯಿತು, ಮೌನವಾಯಿತು. ಕೈಗಳು ಇಳಿಯಲು ಹೊರಟವು. ಕೆಳಗ ಯಾರೂ ನಿಂತಿಲ್ಲ ಎಂದು ಜೋರಾಗಿ ಹೇಳಿಕೊಂಡೆ. ಕೈಗಳು ನಿಂತವು. ಗಾಲಿಗಳು ಮಾತ್ರ ತಮ್ಮಷ್ಟಕ್ಕೆ ಗರಗರ ಉರುಳುತ್ತಿದ್ದವು. ಆ ಒಂದು ಉಸಿರಿನಲ್ಲಿ ನನಗೆ ಬಹಳ ಭಯವಾಯಿತು, ಸುಳ್ಳು ಹೇಳಲಾರೆ. ಯಾವ ಕಡೆಯಿಂದಲೂ ಖಾತ್ರಿಯಿರಲಿಲ್ಲ. ಕೈ ಬದಲಿಸಿದೆ. ಮುಖ ತಿರುಗಿಸಿದೆ. ಆಗ ಆಚೆ ಬದಿಯಿಂದ ಗಾಳಿ ಬಂದು ರೆಕ್ಕೆಯನ್ನು ಹಿಡಿಯಿತು, ನನ್ನನ್ನೂ ಹಿಡಿಯಿತು. ಹಲಗೆ ಹೊರಟಿತು!

ಮತ್ತೆ ಹೊರಳಿದೆ. ಮತ್ತೆ. ನಾಲ್ಕು ಹೊರಳಿಗೆ, ಒಂದು ಹೆಜ್ಜೆಯೂ ನಡೆಯದೆ, ಹೊರಟ ಜಾಗಕ್ಕೆ ಬಂದು ಮುಟ್ಟಿದೆ.

"ಬೀರಪ್ಪಾ! ನೋಡಿದ್ಯಾ?"

"ಏನ್ರಿ?" ಎಂದು ಅವನು ತಿರುಗಿದ.

ಸಾಕ್ಷಿಯಿಲ್ಲ! ಜೀವಮಾನದಲ್ಲಿ ಒಂದೇ ಒಂದು ಸಲ ನಾನು ಮಾಡಿದ ಘನಕಾರ್ಯಕ್ಕೆ ಸಾಕ್ಷಿಯಿಲ್ಲ. ಫೋನು ತೆಗೆದು ಮುರುಮಿನ ಮೇಲೆ ಬಿದ್ದ ಗಾಲಿಯ ಗುರುತುಗಳ ಫೋಟೋ ಹೊಡೆಯತೊಡಗಿದೆ. ನಾಲ್ಕೂ ಮೂಲೆಗಳು ಸ್ಪಷ್ಟವಾಗಿ ಬರಬೇಕು, ಎಲ್ಲಿಯೂ ಹೆಜ್ಜೆಗುರುತು ಇಲ್ಲವೆಂಬುದು ಕಾಣಬೇಕು. ಬೀರಪ್ಪನನ್ನು ಕರೆದು, ಈ ಗೆರೆ ಗಾಲಿಯದೇ ಹೌದೆಂದು ಅವನ ಬಾಯಿಂದ ಹೇಳಿಸಿ ಅದನ್ನೂ ರೆಕಾರ್ಡು ಮಾಡಿಕೊಂಡೆ. ಅವನು ಹೇಳಿದ, ಪಾಪ. ಅವನ ಕುರಿಗಳು ಅಷ್ಟರಲ್ಲಿ ಎರಡು ಮೂಲೆ ತುಳಿದು ಹೋದವು. ಅದನ್ನೂ ಅವನ ಬಾಯಿಂದ ಹೇಳಿಸಿದೆ.

ಸ್ಕೂಟಿ ಬಂತು. ಅಶ್ವಿನಿ ಅದನ್ನು ನಿಲ್ಲಿಸಲು ನೆರಳು ಹುಡುಕಿಕೊಂಡು ಹೋದಳು. ನಾನು ಹೆಂಡತಿಯ ಎದುರಿಗೆ ನಿಂತೆ.

"ಬಂತು," ಎಂದೆ. "ನಾಕ ಸಲ ಹೊಳ್ಳಿ ಬಂದೆ. ಒಂದ್ ಸಲಾನೂ ಬೀಳಲಿಲ್ಲ."

"ಹೌದ?" ಎಂದಳು. ಮುಖ ಅರಳಿತು. "ಭಾಳ ಚಲೋ ಆತು ನೋಡ್ರಿ."

ನಾನು ಕಿಸೆಗೆ ಕೈ ಹಾಕಿದೆ. "ಫೋಟೋ ಅದಾವ. ಗಾಲಿ ಗುರ್ತು. ಬೀರಪ್ಪನೂ ಹೇಳ್ಯಾನ, ಅದರಾಗ..."

"ಫೋಟೋ ಯಾಕ್ರಿ? ನೀವು ಹೇಳಾಕತ್ತೀರಲ್ಲ."

ಇಷ್ಟು ಹೇಳಿ ಅವಳು ಕಮಾನಿನ ಕಟ್ಟೆಯ ಮೇಲೆ ಕೂತು ಬೂಟಿನ ದಾರ ಬಿಗಿ ಮಾಡತೊಡಗಿದಳು. ನನ್ನ ಕೈ ಕಿಸೆಯಲ್ಲೇ ಉಳಿಯಿತು. ಅವಳು ನನ್ನ ಮುಖ ಪರೀಕ್ಷಿಸಲಿಲ್ಲ, ಬಯಲ ಕಡೆ ತಿರುಗಿ ನೋಡಲೂ ಇಲ್ಲ. ಅವಳ ಯಾವ ಮಾತನ್ನು ನಾನು ಹೀಗೆ ಸುಮ್ಮನೆ ತೆಗೆದುಕೊಂಡಿದ್ದೆ? ನೆನಪು ಮಾಡಿಕೊಂಡೆ. ಇಪ್ಪತ್ತಾರು ವರ್ಷ ಹಿಂದಕ್ಕೆ ಹೋದೆ. ಒಂದೂ ಸಿಗಲಿಲ್ಲ. ಕಣ್ಣು ಮಂಜಾಯಿತು. ಮುರುಮಿನ ಧೂಳು ಎಂದು ನಾನು ಹೇಳಿದ್ದರೆ ಅವಳು ಅದನ್ನೂ ನಂಬುತ್ತಿದ್ದಳು.

ಪಕ್ಕದಲ್ಲಿ ಹೋಗಿ ಕೂತೆ. ಅವಳು ಒಂದು ಬೂಟು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದವಳು ತಟ್ಟನೆ ನಕ್ಕಳು.

"ಆ ಚಹಾದಂಗಡ್ಯಾಗ ಏನಾತು ಗೊತ್ತದ ಏನ್ರಿ? ಒಬ್ಬಾಕಿ ಮುದುಕಿ ಬಂದ್ಲು. ನನ್ನ ತಲಿ ಮ್ಯಾಲ ಈ ಟೊಪ್ಪಿಗಿ ನೋಡಿ, ಯವ್ವಾ, ಯಾ ಊರ ಪೊಲೀಸಿನಾಕಿ ನೀ ಅಂದ್ಲು..."

ಯಾವ ಮುದುಕಿ, ಯಾವ ಊರು, ಹೆಲ್ಮೆಟ್ ಹಾಕಿಕೊಂಡೇ ಚಹಾ ಕುಡಿದೆಯಾ, ಅಶ್ವಿನಿ ಆಗ ಎಲ್ಲಿದ್ದಳು? ನಾಲ್ಕೂ ಪ್ರಶ್ನೆ ಸಾಲಾಗಿ ನಾಲಿಗೆಯ ತುದಿಗೆ ಬಂದು ನಿಂತವು. ಅವಳು ಅಲ್ಲಿ ಒಂದು ಗಳಿಗೆ ನಿಲ್ಲಿಸಿ, ನಾನು ಕೇಳುತ್ತೇನೆಂದು ಅಭ್ಯಾಸದಂತೆ ನನ್ನ ಕಡೆ ನೋಡಿದಳು.

"ಹ್ಞೂಂ," ಎಂದೆ. "ಆಮ್ಯಾಲ?"